ಮದ್ದಿನ ಪೆಟ್ಟಿಗೆ ಗಡಿ ದಾಟುವ ಮುನ್ನ

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ, ಬೈಕುಲ್ಲಾದಲ್ಲಿ ಮಾಡಿದ ಭಾಷಣ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಕೊಡಲಾಗಿದೆ.)



ವೈದ್ಯಕೀಯ ನೆರವಿನ ಸಭೆಯಲ್ಲಿ ಡಾಕ್ಟರರು ಮಾತಾಡುವುದು ವಾಡಿಕೆ. ಈ ಸಲ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಕರೆದು, ವಿದೇಶಕ್ಕೆ ಪಾರ್ಸೆಲ್ ಕಳಿಸುವ ಬಗ್ಗೆ ಮಾತಾಡಿ ಎಂದಿದ್ದಾರೆ. ಕಾರಣವಿದೆ. ನಮ್ಮ ಸಂಘದ ಕಚೇರಿಗೆ ಬರುವ ಫೋನುಗಳಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಬರುತ್ತಿವೆ. ಒಂದು, "ಮಗ ದುಬೈಯಲ್ಲಿದ್ದಾನೆ, ಬಿ.ಪಿ. ಮಾತ್ರೆ ಕಳಿಸಬೇಕು, ಹೇಗೆ?" ಎನ್ನುವುದು. ಇನ್ನೊಂದು ಹೊರದೇಶದಲ್ಲಿರುವ ನಮ್ಮವರದು: "ನಮ್ಮಲ್ಲಿ ತುಂಬ ಔಷಧಿ ಉಳಿದಿದೆ, ಬಡ ರೋಗಿಗಳಿಗೆ ಕಳಿಸೋಣವೇ?" ಎನ್ನುವುದು. ಎರಡಕ್ಕೂ ಇಂದು ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ನಾನು ಬಿ.ಕಾಂ. ಓದಿದವನು. ಬ್ಯಾಂಕಿನಲ್ಲಿ ನನ್ನ ಹೆಚ್ಚಿನ ವರ್ಷಗಳು ಕಳೆದದ್ದು ವಿದೇಶಿ ವಿನಿಮಯ ವಿಭಾಗದಲ್ಲಿ. ಲೆಟರ್ ಆಫ್ ಕ್ರೆಡಿಟ್ ಕೆಲಸಕ್ಕೆ ಇಡೀ ಜಗತ್ತಿಗೆ ಒಂದೇ ನಿಯಮಾವಳಿ ಇದೆ. ಅದರ ಐದನೆಯ ವಿಧಿ ಹೇಳುವುದು ಇಷ್ಟೆ: ಬ್ಯಾಂಕು ವ್ಯವಹರಿಸುವುದು ದಾಖಲೆಯೊಡನೆ, ಸರಕಿನೊಡನೆ ಅಲ್ಲ. ಕೋಟಿಗಟ್ಟಲೆ ಬೆಲೆಯ ಸರಕಿಗೆ ಹಣ ಕೊಟ್ಟಿದ್ದೇವೆ, ಒಂದು ಪೆಟ್ಟಿಗೆಯನ್ನೂ ಕಣ್ಣಿಂದ ಕಂಡಿಲ್ಲ. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಸಾಗಣೆ ಪತ್ರ, ಈ ಮೂರೂ ಒಂದಕ್ಕೊಂದು ತಾಳೆಯಾದರೆ ಹಣ, ಇಲ್ಲದಿದ್ದರೆ ಇಲ್ಲ. ಮನೆಯ ಪಾರ್ಸೆಲಿಗೂ ಇದೇ ಲೆಕ್ಕ. ನೀವು ಎಷ್ಟು ಪ್ರೀತಿಯಿಂದ ಕಟ್ಟಿದ್ದೀರಿ ಎಂಬುದು ಕಸ್ಟಮ್ಸ್ ಅಧಿಕಾರಿಗೆ ಕಾಣುವುದಿಲ್ಲ. ಅವನು ಮೊದಲು ಓದುವುದು ಪೆಟ್ಟಿಗೆಯ ಮೇಲಿನ ನಾಲ್ಕು ಸಾಲನ್ನು. ಆ ನಾಲ್ಕು ಸಾಲು ನಿಜವಾಗಿದ್ದರೆ ಮದ್ದು ರೋಗಿಯ ಕೈ ಸೇರುತ್ತದೆ. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ.

ಔಷಧಿ ಕಟ್ಟಿ ಕಳಿಸುವ ಕೆಲಸ ನಮ್ಮ ಬೈಕುಲ್ಲಾಕ್ಕೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆ ತಯಾರಿಸಿದ್ದು ಇಲ್ಲೇ, ಜೆ.ಜೆ. ಆಸ್ಪತ್ರೆಯ ಆವರಣದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆಮೇಲೆ ಬೈಕುಲ್ಲಾ ಜೈಲಿನಲ್ಲಿ, ತಾವಾಗಿ ಮುಂದೆ ಬಂದ ಕೈದಿಗಳಿಗೆ ಕೊಟ್ಟ. ಮರುವರ್ಷ ಹುಬ್ಬಳ್ಳಿಗೆ ಪ್ಲೇಗ್ ಹಬ್ಬಿದಾಗ ಅಲ್ಲಿ ಸಾವಿರಾರು ಜನರಿಗೆ ಈ ಲಸಿಕೆ ಹಾಕಿದರು. ಮುಂಬಯಿಯಲ್ಲಿ ತಯಾರಾದ ಸೀಸೆ ಕನ್ನಡನಾಡಿನ ಜೀವ ಉಳಿಸಿತು ಎಂದು ನಾವು ಹೆಮ್ಮೆಪಡಬಹುದು.

ಅದೇ ಲಸಿಕೆಯ ಕಥೆಯಲ್ಲಿ ಒಂದು ದುರಂತವೂ ಇದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಚುಚ್ಚುಮದ್ದು ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಲಸಿಕೆ ಹಾಕಿದ್ದು ಒಂದೇ ಸೀಸೆಯಿಂದ, ಅದರ ಸಂಖ್ಯೆ 53-ಎನ್. ಆಪಾದನೆ ಮುಂಬಯಿಯ ಪ್ರಯೋಗಾಲಯದ ಮೇಲೆ ಬಂತು, ಹಾಫ್‌ಕಿನ್ ಕೆಲಸ ಕಳೆದುಕೊಂಡ. ವರ್ಷಗಟ್ಟಲೆ ವಾದ ನಡೆದು, ದೋಷ ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವಾಗ ಆಗಿರಬೇಕು, ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು ಎಂಬುದು ಸ್ಪಷ್ಟವಾಗಿ, 1907ರಲ್ಲಿ ಅವನ ಮೇಲಿನ ಕಳಂಕ ಹೋಯಿತು. ಸೀಸೆಗೆ ಸಂಖ್ಯೆ ಇಲ್ಲದಿದ್ದರೆ, ಯಾವ ಸೀಸೆ ಯಾರಿಗೆ ಹೋಯಿತೆಂಬ ದಾಖಲೆ ಇಲ್ಲದಿದ್ದರೆ, ಈ ವಿಚಾರಣೆಯೇ ಸಾಧ್ಯವಿರಲಿಲ್ಲ. ಇಂದು ನಾವು ಮಾತ್ರೆಯ ಪಟ್ಟಿಯ ಹಿಂದೆ ನೋಡುವ ಬ್ಯಾಚ್ ಸಂಖ್ಯೆಯ ಬೆಲೆ ಇದು. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಹಾರ್ಲಿಕ್ಸ್ ಡಬ್ಬದಲ್ಲಿ ತುಂಬಿದರೆ ಜಾಗ ಉಳಿಯುತ್ತದೆ, ನಿಜ. ಆದರೆ ಅದರ ಹೆಸರು, ಊರು, ಆಯಸ್ಸು ಮೂರೂ ಅಳಿಸಿಹೋಗುತ್ತವೆ.

ಈಗ ನಮ್ಮ ಕಾಲಕ್ಕೆ ಬರೋಣ. ಮೊದಲು ಇಲ್ಲಿಂದ ಹೊರಗೆ ಹೋಗುವ ಪಾರ್ಸೆಲ್.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಒಂದು ಕುಟುಂಬದ ಮಗ ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ. ಚಿಕ್ಕಂದಿನಿಂದ ಮೂರ್ಛೆರೋಗ. ಊರಿನ ಡಾಕ್ಟರರು ಬರೆದುಕೊಟ್ಟ ಫೀನೋಬಾರ್ಬಿಟೋನ್ ಮಾತ್ರೆ ತಪ್ಪದೆ ತಗೊಂಡು ಚೆನ್ನಾಗಿದ್ದ. ಮಾತ್ರೆ ಮುಗಿಯುತ್ತ ಬಂತೆಂದು ತಾಯಿ ಆರು ತಿಂಗಳದ್ದು ಕೊಂಡು, ಚಕ್ಕುಲಿ, ಉಪ್ಪಿನಕಾಯಿಯ ಜೊತೆ ಒಬ್ಬ ಏಜೆಂಟರ ಬಳಿ ತಂದರು. "ಮಾತ್ರೆ ಅಂತ ಬರೆದರೆ ಸುಮ್ಮನೆ ತೊಂದರೆ ಅಮ್ಮ, ಗಿಫ್ಟ್ ಅಂತ ಹಾಕೋಣ" ಎಂದರು ಆತ. ಪೆಟ್ಟಿಗೆಯ ಮೇಲೆ "ಗಿಫ್ಟ್ ಐಟಂ, ಬೆಲೆ 500 ರೂಪಾಯಿ" ಎಂದಾಯಿತು. ಅಲ್ಲಿ ಎಕ್ಸ್-ರೇಯಲ್ಲಿ ಮಾತ್ರೆ ಕಂಡಿತು, ಪೆಟ್ಟಿಗೆ ಬಿಚ್ಚಿದರು. ಚೀಟಿ ಇಲ್ಲ, ಬಿಲ್ ಇಲ್ಲ, ಮೇಲೆ ಬರೆದದ್ದು ಬೇರೆ. ಫೀನೋಬಾರ್ಬಿಟೋನ್ 1971ರ ವಿಶ್ವಸಂಸ್ಥೆಯ ಒಪ್ಪಂದದಂತೆ ನಿಯಂತ್ರಿತ ವಸ್ತು. ನಮ್ಮ 1985ರ ಎನ್.ಡಿ.ಪಿ.ಎಸ್. ಕಾಯ್ದೆಯ ಪಟ್ಟಿಯಲ್ಲೂ ಇದೆ. ಹುಡುಗನನ್ನು ಕರೆಸಿ ವಿಚಾರಿಸಿದರು. ಹಳೆಯ ಆಸ್ಪತ್ರೆ ಕಾಗದಗಳನ್ನೆಲ್ಲ ಇಲ್ಲಿಂದ ಕಳಿಸಿ, ಮಾಲೀಕರು ಜವಾಬ್ದಾರಿ ಹೊತ್ತು, ಅಂತೂ ಕೇಸಾಗದೆ ಬಿಟ್ಟರು. ಅಷ್ಟರಲ್ಲಿ ಮಾತ್ರೆ ತಪ್ಪಿ ಎಷ್ಟೋ ದಿನವಾಗಿತ್ತು. ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದ. ಕೈ ಸುಟ್ಟಿತು, ಜೀವ ಉಳಿಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಅಲ್ಲಿನ ಡಾಕ್ಟರರು ಬೇರೆ ಮಾತ್ರೆ ಬರೆದುಕೊಟ್ಟರು. ಅದು ಆ ಊರಿನ ಅಂಗಡಿಯಲ್ಲೇ ಸಿಗುತ್ತಿತ್ತು.

ಈ ಘಟನೆಯಿಂದ ನಾನು ಮೂರು ಪ್ರಶ್ನೆ ಮಾಡಿಕೊಂಡಿದ್ದೇನೆ. ಯಾರು ಕೇಳಿದರೂ ಇವನ್ನೇ ಇದೇ ಕ್ರಮದಲ್ಲಿ ಕೇಳುತ್ತೇನೆ.

ಮೊದಲನೆಯದು: ಕಳಿಸಲೇಬೇಕೇ? ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆಗಳು ಬಹುತೇಕ ಎಲ್ಲ ದೇಶಗಳಲ್ಲಿ ಸಿಗುತ್ತವೆ. ಕಂಪನಿಯ ಹೆಸರು ಬೇರೆ ಇರುತ್ತದೆ, ಒಳಗಿನ ಮದ್ದು ಅದೇ. ಅದಕ್ಕೇ ಡಾಕ್ಟರರ ಬಳಿ ಬ್ರ್ಯಾಂಡಿನ ಹೆಸರಿನೊಡನೆ ಮದ್ದಿನ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಇನ್ಸುಲಿನ್ ಅಂತೂ ಕಳಿಸುವ ಯೋಚನೆಯೇ ಬೇಡ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಮೇ ತಿಂಗಳ ಕೊಲ್ಲಿಯ ಬಿಸಿಲಿನಲ್ಲಿ ಒಂದು ಗೋದಾಮಿನಲ್ಲಿ ಎರಡು ದಿನ ಕೂತರೆ ಅದು ನೋಡಲು ಇನ್ಸುಲಿನ್, ಗುಣದಲ್ಲಿ ನೀರು.

ಎರಡನೆಯದು: ಕಳಿಸಲು ಅನುಮತಿ ಇದೆಯೇ? ಇಲ್ಲಿಯದೂ ನೋಡಬೇಕು, ಅಲ್ಲಿಯದೂ ನೋಡಬೇಕು. ನೋವಿಗೆ ಕೊಡುವ ಟ್ರಮಡಾಲ್ 2018ರ ಏಪ್ರಿಲಿನಿಂದ ನಮ್ಮಲ್ಲೇ ಎನ್.ಡಿ.ಪಿ.ಎಸ್. ಕಾಯ್ದೆಯೊಳಗೆ ಬಂದಿದೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ನಿದ್ದೆಯ ಮಾತ್ರೆ, ಆತಂಕದ ಮಾತ್ರೆ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟಿನ ಪಟ್ಟಿಯಲ್ಲಿವೆ. ಯುಎಇಗೆ ಇಂಥವನ್ನು ಒಯ್ಯುವವರು ಅಲ್ಲಿನ ಸರ್ಕಾರದ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಔಷಧಿ ಮಾತ್ರವಲ್ಲ, ನಮ್ಮ ಅಡುಗೆಮನೆಯನ್ನೂ ನೋಡಿಕೊಳ್ಳಿ. ಹಬ್ಬಕ್ಕೆ ಗಸಗಸೆ ಪಾಯಸ ಮಾಡಲಿ ಎಂದು ಸೊಸೆಗೆ ಕಾಲು ಕಿಲೋ ಗಸಗಸೆ ಕಟ್ಟುವ ಅತ್ತೆಯಂದಿರು ಇಲ್ಲೇ ಕೂತಿದ್ದೀರಿ! ಯುಎಇ, ಸೌದಿ ಅರೇಬಿಯ, ಸಿಂಗಾಪುರಗಳಲ್ಲಿ ಗಸಗಸೆ ನಿಷಿದ್ಧ, ಅದು ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ. ದುಬೈಯಲ್ಲಿ ವೀಳ್ಯದೆಲೆಗೂ ಪ್ರವೇಶವಿಲ್ಲ. ನಮಗೆ ಮಂಗಳದ ವಸ್ತು, ಅವರಿಗೆ ಮುಟ್ಟುಗೋಲಿನ ವಸ್ತು.

ಇಲ್ಲೇ ಇನ್ನೊಂದು ಮಾತು. ಅಂಚೆಯೂ ಬೇಡ, ಕೊರಿಯರೂ ಬೇಡ, ಊರಿಂದ ಹೊರಟವರ ಕೈಯಲ್ಲೇ ಕೊಟ್ಟುಬಿಡೋಣ ಎನ್ನುವುದು ನಮ್ಮ ಕರಾವಳಿಯವರ ಹಳೇ ಅಭ್ಯಾಸ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಯಾರ ಕೈಯಲ್ಲಿದೆಯೋ ಅವರೇ ಹೊಣೆ. ಮುಚ್ಚಿದ ಪೊಟ್ಟಣವನ್ನು ಯಾರಿಗೂ ಕೊಡಬೇಡಿ, ಯಾರಿಂದಲೂ ತಗೊಳ್ಳಬೇಡಿ. ಅಕ್ಕನ ಮಗ ಕೊಟ್ಟರೂ ಬಿಚ್ಚಿ ನೋಡಿ, ಚೀಟಿ ಮತ್ತು ಬಿಲ್ ಕೇಳಿ. ಬೇಜಾರಾದರೆ ಆಗಲಿ.

ಮೂರನೆಯದು: ಹೇಗೆ ಕಟ್ಟಬೇಕು, ಏನು ಬರೆಯಬೇಕು? ಮಾತ್ರೆ ಕಂಪನಿಯ ಮೂಲ ಪಟ್ಟಿಯಲ್ಲೇ, ಸಾಧ್ಯವಾದರೆ ಅದರ ಪೆಟ್ಟಿಗೆಯಲ್ಲೇ ಇರಲಿ. ಕತ್ತರಿಸಿದ ಪಟ್ಟಿಯಲ್ಲಿ ಹೆಸರು, ಅವಧಿ ಮುಗಿಯುವ ತಾರೀಕು ಉಳಿಯುವುದಿಲ್ಲ. ಸಿರಪ್ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸುತ್ತ ಹತ್ತಿ ಇಟ್ಟು, ಮತ್ತೊಂದು ಚೀಲದಲ್ಲಿ ಕಟ್ಟಿ. ಒಡೆದರೂ ಹತ್ತಿ ಹೀರಿಕೊಳ್ಳಬೇಕು, ಪಕ್ಕದ ಪಾರ್ಸೆಲಿಗೆ ಸೋರಬಾರದು. ಹೊರಗಿನ ರಟ್ಟಿನ ಪೆಟ್ಟಿಗೆ ಗಟ್ಟಿಯದಾಗಿರಲಿ, ಒಳಗೆ ನಾಲ್ಕೂ ಕಡೆ ಎರಡೆರಡು ಇಂಚು ಮೆತ್ತೆ ಇರಲಿ. ಅಲ್ಲಾಡಿಸಿದರೆ ಸದ್ದು ಬರಬಾರದು. ಹಳೆಯ ಖೋಕಾ ಬಳಸುವುದಾದರೆ ಮೇಲಿನ ಹಳೇ ಚೀಟಿ, ಬಾರ್‌ಕೋಡ್ ಪೂರ್ತಿ ಕಿತ್ತುಹಾಕಿ. ಯಂತ್ರ ಯಾವುದನ್ನು ಓದುತ್ತದೋ ಪೆಟ್ಟಿಗೆ ಆ ಕಡೆ ಹೋಗುತ್ತದೆ. ಮಾವಿನ ಹಣ್ಣಿನ ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಕಳಿಸುವುದು ಬೇಡ. ಹುಲ್ಲಿನಲ್ಲಿ, ಹಸಿಮರದಲ್ಲಿ ಹುಳು ಹೋಗುತ್ತದೆಂದು ದೇಶಗಳು ತಡೆಯುತ್ತವೆ. ಗಡಿ ದಾಟುವ ಮರದ ಪೆಟ್ಟಿಗೆಗೆ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಕೊಟ್ಟಂಥ ಸಂಸ್ಕಾರವಾಗಿರಬೇಕು, ಅದರ ಮುದ್ರೆಯೂ ಬೇಕು. ಬಿ.ಪಿ. ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ ಕಳಿಸುವಾಗ ಸೆಲ್ ತೆಗೆದಿಡಿ. ಪವರ್ ಬ್ಯಾಂಕ್, ಸೆಂಟು, ಸ್ಯಾನಿಟೈಸರ್, ಪಾದರಸದ ಥರ್ಮಾಮೀಟರ್ ಇವು ವಿಮಾನದ ಪಾರ್ಸೆಲಿಗೆ ಸಲ್ಲವು.

ಒಳಗೆ ಮೂರು ಕಾಗದ ಇಡಿ, ಪ್ರತಿಯನ್ನು ಕೈಯಲ್ಲೂ ಇಟ್ಟುಕೊಳ್ಳಿ: ಡಾಕ್ಟರರ ನೋಂದಣಿ ಸಂಖ್ಯೆ ಇರುವ ಇತ್ತೀಚಿನ ಚೀಟಿ, ಬ್ಯಾಚ್ ಸಂಖ್ಯೆ ನಮೂದಾಗಿರುವ ಮೆಡಿಕಲ್ ಅಂಗಡಿಯ ಬಿಲ್, ಒಳಗಿರುವ ವಸ್ತುಗಳ ಪಟ್ಟಿ. ರೋಗಿಯ ಹೆಸರು ಮೂರರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಚೀಟಿಯಲ್ಲಿ "ರವಿ", ಪಾಸ್‌ಪೋರ್ಟಿನಲ್ಲಿ "ರವೀಂದ್ರ" ಎಂದಿದ್ದರೆ ಬ್ಯಾಂಕಿನಲ್ಲಿ ನಾವು ಚೆಕ್ ವಾಪಸು ಮಾಡುತ್ತಿದ್ದೆವು. ಅವರೂ ಹಾಗೇ ಮಾಡುತ್ತಾರೆ. ಚೀಟಿಯಲ್ಲಿ ಮೂರು ತಿಂಗಳಿಗೆ ಬರೆದಿದ್ದರೆ ಮೂರು ತಿಂಗಳದ್ದೇ ಕಳಿಸಿ.

ಅಂಚೆ ಕಚೇರಿಯಲ್ಲಿ ತುಂಬಿಸುವ ಕಸ್ಟಮ್ಸ್ ಘೋಷಣೆಗೆ ಸಿ.ಎನ್. 22, ಸಿ.ಎನ್. 23 ಎಂದು ಹೆಸರು. ಇದು ಅಂತಾರಾಷ್ಟ್ರೀಯ ಅಂಚೆ ಒಕ್ಕೂಟದ ನಮೂನೆ. 1874ರಲ್ಲಿ ಹುಟ್ಟಿದ ಆ ಒಕ್ಕೂಟಕ್ಕೆ ಭಾರತ 1876ರಲ್ಲೇ ಸೇರಿದೆ. ಅದರಲ್ಲಿ ವಸ್ತು ಏನು, ಎಷ್ಟು, ತೂಕ, ಬೆಲೆ ಬರೆಯಬೇಕು. "ಗಿಫ್ಟ್" ಎನ್ನುವುದು ಕಳಿಸುವ ಕಾರಣ, ವಸ್ತುವಿನ ಹೆಸರಲ್ಲ. "ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆ, 500 ಮಿಲಿಗ್ರಾಂ, 90 ಮಾತ್ರೆ, ಸ್ವಂತ ಬಳಕೆಗೆ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಸಿ. ಬೆಲೆ ಬಿಲ್ಲಿನಲ್ಲಿ ಇದ್ದಷ್ಟೇ ಇರಲಿ. ಕೊಲ್ಲಿಯ ವಿಳಾಸವಾದರೆ ಪೋಸ್ಟ್ ಬಾಕ್ಸ್ ಸಂಖ್ಯೆ ಮತ್ತು ಅಲ್ಲಿನ ಮೊಬೈಲ್ ಸಂಖ್ಯೆ ಮರೆಯಬೇಡಿ. ನಿಮ್ಮ ಗುರುತಿನ ಚೀಟಿಯ ಪ್ರತಿ ಒಯ್ಯಿರಿ. ಪೆಟ್ಟಿಗೆಯನ್ನು ಮನೆಯಲ್ಲೇ ಪೂರ್ತಿ ಅಂಟಿಸಿಕೊಂಡು ಹೋಗಬೇಡಿ, ಕೌಂಟರಿನಲ್ಲಿ ತೋರಿಸಿದ ಮೇಲೆ ಅಂಟಿಸಿ. ಅಲ್ಲಿಂದ ಅದು ಬಲ್ಲಾರ್ಡ್ ಎಸ್ಟೇಟಿನ ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸಿನವರ ಕಣ್ಣಿಗೆ ಬಿದ್ದು ಮುಂದೆ ಹೋಗುತ್ತದೆ. ನಿಮಗೆ ಕೊಡುವ ರಸೀದಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ ಇರುತ್ತವೆ. ಒಂಬತ್ತನೆಯ ಅಂಕಿ ಉಳಿದ ಎಂಟನ್ನು ತಾಳೆ ನೋಡಲೆಂದೇ ಇರುವುದು. ಆದ್ದರಿಂದ ಬರೆದುಕೊಳ್ಳುವಾಗ ಒಂದು ಅಂಕಿಯೂ ತಪ್ಪಬಾರದು. ರಸೀದಿಯ ಫೋಟೋ ತೆಗೆದು ಅಂದೇ ಮಗನಿಗೆ ಕಳಿಸಿ.

ನಿಯಮ ಬದಲಾಗುತ್ತಲೇ ಇರುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕ ತನ್ನ ಸುಂಕದ ನಿಯಮ ಬದಲಿಸಿದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಪಾರ್ಸೆಲುಗಳನ್ನು ನಿಲ್ಲಿಸಬೇಕಾಯಿತು; ಮತ್ತೆ ಶುರುವಾದದ್ದು ಅಕ್ಟೋಬರಿನಲ್ಲಿ. ಹೋದ ವರ್ಷ ಹೋಯಿತು ಎಂದು ಈ ವರ್ಷವೂ ಹೋಗುತ್ತದೆ ಎನ್ನಬೇಡಿ. ಮಾತ್ರೆ ಮುಗಿಯಲು ಒಂದು ತಿಂಗಳಿರುವಾಗಲೇ ವಿಚಾರಿಸಿ.

ಇನ್ನು ಹೊರಗಿಂದ ಇಲ್ಲಿಗೆ ಬರುವ ಮದ್ದು. ನಮ್ಮ ನಿಧಿಗೆ ನೇರ ಸಂಬಂಧಪಟ್ಟದ್ದು ಇದು. ಟಾಟಾ ಆಸ್ಪತ್ರೆಗೆ, ಜೆ.ಜೆ.ಗೆ, ನಾಯರ್‌ಗೆ ಊರಿನಿಂದ ಬರುವ ನಮ್ಮ ರೋಗಿಗಳಲ್ಲಿ ಕೆಲವರಿಗೆ ಭಾರತದಲ್ಲಿ ಸಿಗದ ಔಷಧಿ ಬೇಕಾಗುತ್ತದೆ. ಅದಕ್ಕೂ ದಾರಿ ಇದೆ. 1945ರ ಔಷಧ ನಿಯಮಗಳ 36ನೆಯ ನಿಯಮದಂತೆ ಸ್ವಂತ ಬಳಕೆಗೆ ತರಿಸಬಹುದು. ಪ್ರಯಾಣಿಕರು ಸಾಮಾನಿನೊಡನೆ ತಮ್ಮ ಸ್ವಂತಕ್ಕೆ ತರುವುದಾದರೆ ಒಂದೊಂದು ಔಷಧಿ ನೂರು ಡೋಸ್ ಮೀರಬಾರದು. ಪಾರ್ಸೆಲಿನಲ್ಲಿ ತರಿಸುವುದಾದರೆ ಡಾಕ್ಟರರ ಚೀಟಿಯೊಡನೆ ಫಾರ್ಮ್ 12-ಎ ಅರ್ಜಿ ಹಾಕಿ, ಫಾರ್ಮ್ 12-ಬಿ ಪರವಾನಗಿ ಪಡೆಯಬೇಕು. ಇದನ್ನು ನೋಡಿಕೊಳ್ಳುವ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪಶ್ಚಿಮ ವಲಯ ಕಚೇರಿ ಬೆಲಾಸಿಸ್ ರಸ್ತೆಯಲ್ಲಿದೆ, ಇಲ್ಲಿಂದ ನಡೆದೇ ಹೋಗಬಹುದು. ಪರವಾನಗಿ ಮೊದಲು, ಪಾರ್ಸೆಲ್ ಆಮೇಲೆ. ಅದು ತಿರುವುಮುರುವಾದರೆ ಮದ್ದು ಏರ್‌ಪೋರ್ಟಿನಲ್ಲಿ ಕೂರುತ್ತದೆ, ರೋಗಿ ವಾರ್ಡಿನಲ್ಲಿ ಕಾಯುತ್ತಾನೆ.

ಸುಂಕದ ವಿಷಯವೂ ತಿಳಿದಿರಲಿ. ಔಷಧಿಗಳ ಮೇಲೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಮೂಲ ಆಮದು ಸುಂಕವಿದೆ. 2023ರ ಏಪ್ರಿಲ್ 1ರಿಂದ, 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗೆ ತರಿಸುವ ಔಷಧಿಗೆ ಈ ಸುಂಕ ಮನ್ನಾ ಆಗಿದೆ. ಆರೋಗ್ಯ ಸೇವೆಗಳ ನಿರ್ದೇಶಕರ ಅಥವಾ ಜಿಲ್ಲಾ ಸಿವಿಲ್ ಸರ್ಜನ್ನರ ಪ್ರಮಾಣಪತ್ರ ಬೇಕು. 2024ರಲ್ಲಿ ಮೂರು ಕ್ಯಾನ್ಸರ್ ಔಷಧಿಗಳಿಗೂ ಸುಂಕ ತೆಗೆದರು. ಹತ್ತು ಕಿಲೋ ತೂಕದ ಮಗುವಿಗೆ ಕೆಲವು ವಿರಳ ರೋಗಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ ಒಂದು ಕೋಟಿಗೂ ಹೆಚ್ಚು ಖರ್ಚು ಬರುತ್ತದೆಂದು ಸರ್ಕಾರವೇ ಹೇಳಿದೆ. ಅಂಥ ಕುಟುಂಬಕ್ಕೆ ಒಂದು ಪ್ರಮಾಣಪತ್ರ ಎಷ್ಟು ಲಕ್ಷ ಉಳಿಸಬಲ್ಲದೆಂದು ನೀವೇ ಲೆಕ್ಕ ಹಾಕಿ. ನಮ್ಮ ನಿಧಿ ಅಷ್ಟು ಹಣ ಕೊಡಲಾರದು. ಆ ಕಾಗದ ಓಡಾಡಿ ಮಾಡಿಸಿಕೊಡಬಲ್ಲದು.

ಕೊನೆಯದಾಗಿ ಹೊರದೇಶದ ನಮ್ಮ ದಾನಿಗಳಿಗೆ. ನಿಮ್ಮ ಮನಸ್ಸು ದೊಡ್ಡದು, ಆದರೆ ಉಳಿದ ಮದ್ದಿನ ಪೆಟ್ಟಿಗೆ ದಯವಿಟ್ಟು ಬೇಡ. 2004ರ ಸುನಾಮಿಯ ನಂತರ ಇಂಡೋನೇಷ್ಯದ ಆಚೆ ಪ್ರಾಂತಕ್ಕೆ ಜಗತ್ತಿನೆಲ್ಲೆಡೆಯಿಂದ ಸುಮಾರು 4,000 ಟನ್ ಔಷಧಿ ಬಂತು. ಎಷ್ಟೋ ಪೆಟ್ಟಿಗೆಗಳ ಮೇಲಿನ ಭಾಷೆ ಅಲ್ಲಿ ಯಾರಿಗೂ ತಿಳಿಯದು, ಎಷ್ಟೋ ಅವಧಿ ಮುಗಿದವು. ಅವನ್ನು ನಾಶ ಮಾಡುವುದೇ ದೊಡ್ಡ ಖರ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆ 1996ರಿಂದಲೇ ಹೇಳುತ್ತಿದೆ: ಕೇಳಿದ್ದನ್ನು ಮಾತ್ರ ಕಳಿಸಿ, ತಲುಪುವಾಗ ಕನಿಷ್ಠ ಒಂದು ವರ್ಷ ಆಯಸ್ಸು ಉಳಿದಿರಲಿ, ಒಬ್ಬ ರೋಗಿಗೆ ಕೊಟ್ಟು ವಾಪಸು ಬಂದ ಮದ್ದು ಬೇಡವೇ ಬೇಡ.

ಹಣ ಕಳಿಸಿ. ಅದಕ್ಕೂ ದಾರಿ ಸರಿಯಾಗಿರಲಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಹೊರದೇಶದ ಪೌರತ್ವ ಪಡೆದವರು, ಓ.ಸಿ.ಐ. ಕಾರ್ಡ್ ಇದ್ದರೂ, ಕೊಡುವ ಹಣವೂ ವಸ್ತುವೂ ಎಫ್.ಸಿ.ಆರ್.ಎ. ಕಾಯ್ದೆಯೊಳಗೆ ಬರುತ್ತದೆ. ಔಷಧಿಯ ಪೆಟ್ಟಿಗೆಯೂ ವಸ್ತುವೇ. ಆದ್ದರಿಂದ ಕಳಿಸುವ ಮುನ್ನ ನಿಮ್ಮ ಪೌರತ್ವ ತಿಳಿಸಿ ನಮ್ಮ ಖಜಾಂಚಿಯವರನ್ನು ಕೇಳಿ. ಇಲ್ಲಿರುವ ದಾನಿಗಳಿಗೂ ಒಂದು ನೆನಪು: 2,000 ರೂಪಾಯಿಗೆ ಮೀರಿ ನಗದು ಕೊಟ್ಟರೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಕೊಡಿ, ರಸೀದಿ ಪಡೆಯಿರಿ.

ಪ್ರತಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸಂಜೆ ನಾನು ಸಂಘದ ಕಚೇರಿಯಲ್ಲಿ ಕೂರುತ್ತೇನೆ. ಪಾರ್ಸೆಲ್ ಕಟ್ಟುವ ಮೊದಲು ಚೀಟಿ, ಬಿಲ್ ತನ್ನಿ; ಘೋಷಣೆ ಬರೆದುಕೊಡುತ್ತೇನೆ, ಕಳಿಸಬಾರದ್ದಾದರೆ ಬೇಡವೆಂದೂ ಹೇಳುತ್ತೇನೆ. ಇದಕ್ಕೆ ಶುಲ್ಕವಿಲ್ಲ. ನನಗೆ ಇಬ್ಬರು ಜೊತೆಗಾರರು ಬೇಕು: ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಅನುಭವ ಇರುವವರೊಬ್ಬರು, ಕಂಪ್ಯೂಟರಿನಲ್ಲಿ ಅರ್ಜಿ ತುಂಬಬಲ್ಲ ಹುಡುಗನೋ ಹುಡುಗಿಯೋ ಒಬ್ಬರು. ನಿಧಿಗೆ ಬೇಕಾದದ್ದು ನಿಮ್ಮ ಕೈಲಾದಷ್ಟು ಹಣ. ಈ ವರ್ಷ ಅದರಲ್ಲಿ ಒಂದು ಪಾಲನ್ನು, ಹೊರಗಿಂದ ಔಷಧಿ ತರಿಸಬೇಕಾದ ರೋಗಿಗಳ ಸಾಗಣೆ ಮತ್ತು ಸುಂಕದ ಖರ್ಚಿಗೆಂದೇ ಬೇರೆ ಇಡಬೇಕೆಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ. ನೀವು ಒಪ್ಪುತ್ತೀರೆಂದು ನಂಬಿದ್ದೇನೆ.